ಎಡಗೈ ಕತ್ತರಿ: ನಾಲ್ಕು ವರ್ಷ, ಎರಡು ಸಾಣೆ

ನಮ್ಮ ಮನೆಯಲ್ಲಿ ಯಾರೂ ಮುಟ್ಟದ ವಸ್ತು ಎಂದರೆ ನನ್ನ ಈ ಕತ್ತರಿ ಒಂದೇ. ಇದಕ್ಕಿಂತ ಮುಂಚಿನದು ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆ, ಮಧ್ಯಾಹ್ನ ಮಗಳ ಬಣ್ಣದ ಕಾಗದಕ್ಕೆ, ಸಂಜೆ ಮೆಣಸಿನ ಬಳ್ಳಿ ಕಟ್ಟುವ ಹುರಿಗೆಂದು ಮಾವನ ಜೊತೆ ತೋಟಕ್ಕೆ ಹೋಗಿಬರುತ್ತಿತ್ತು. ಹೊಸದನ್ನೂ ಮಾವ ಒಮ್ಮೆ ಒಯ್ದರು. ಹತ್ತು ನಿಮಿಷದಲ್ಲಿ ತಂದು ಮೇಜಿನ ಮೇಲಿಟ್ಟು, "ಎಷ್ಟು ಕೊಟ್ಟೆಯೇ ಇದಕ್ಕೆ? ಒಂದು ಹುರಿ ಕತ್ತರಿಸುವುದಿಲ್ಲವಲ್ಲ" ಎಂದರು. ಬೆಲೆ ಹೇಳಲಿಲ್ಲ. ಇಲ್ಲಿ ಹೇಳಬಹುದು: 2,650 ರೂಪಾಯಿ, 2021ರ ದೀಪಾವಳಿಯ ಹೊತ್ತಿಗೆ. ಲೈನಿಂಗ್ ಹಾಕಿದ ಎಂಟು ಬ್ಲೌಸ್‌ಗಳ ಮಜೂರಿ.

ನಾನು ಎಡಚಿ. ಶಿರಸಿಯಲ್ಲಿ ಹೊಲಿಗೆ ಕಲಿತದ್ದು, ಹದಿನೈದು ವರ್ಷ ಹೊಲಿದದ್ದು ಎಲ್ಲವೂ ಬಲಗೈಯವರ ಕತ್ತರಿಯಲ್ಲಿ. ಅದನ್ನು ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಸರಿಯಾಗಿ ಚಾಕ್ ಗೆರೆಯ ಮೇಲೆ ಬಂದು ಕೂರುತ್ತದೆ. ಗೆರೆ ಕಾಣಬೇಕಾದರೆ ಕತ್ತು ಎಡಕ್ಕೆ ಬಾಗಿಸಿ ಅಲಗಿನ ಆಚೆ ಬದಿಯಿಂದ ಇಣುಕಬೇಕು. ಅದೂ ಸಾಲದೆಂಬಂತೆ, ನಾವು ಸಹಜವಾಗಿ ಬೆರಳು ಮಡಚಿದರೆ ಅಲಗುಗಳು ಒಂದನ್ನೊಂದು ಒತ್ತಿಕೊಳ್ಳುವ ಬದಲು ದೂರ ಸರಿಯುತ್ತವೆ. ಬಟ್ಟೆ ನಡುವೆ ಸಿಕ್ಕಿ ಮಡಚಿಕೊಳ್ಳುತ್ತದೆ. ಹಾಗಾಗದಿರಲು ಹೆಬ್ಬೆರಳನ್ನು ಒಳಕ್ಕೆಳೆದು ಉಳಿದ ಬೆರಳುಗಳನ್ನು ಹೊರಕ್ಕೆ ತಳ್ಳುವ ಒಂದು ಕಸರತ್ತು ಎಡಚರಿಗೆಲ್ಲ ತನ್ನಿಂದ ತಾನೇ ಬಂದುಬಿಟ್ಟಿರುತ್ತದೆ. ನನ್ನ ಹೆಬ್ಬೆರಳ ಬುಡದಲ್ಲಿ ಅದರ ಜಡ್ಡು ಇನ್ನೂ ಇದೆ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. 'ಎರಡೂ ಕೈಗೆ ಹೊಂದುತ್ತದೆ' ಎಂದು ಮಾರುವ ಕತ್ತರಿಗಳಲ್ಲಿ ಹೆಚ್ಚಿನವಕ್ಕೆ ಹಿಡಿ ಮಾತ್ರ ಎರಡೂ ಕೈಯದು, ಅಲಗು ಬಲಗೈಯದೇ. ಅಂಥದ್ದಕ್ಕೆ ನಾನು ಒಮ್ಮೆ ದುಡ್ಡು ಸುರಿದಿದ್ದೇನೆ. ಬಾಯಿ ತೆರೆದು, ತುದಿಯನ್ನು ಮುಂದಕ್ಕೆ ಚಾಚಿ ನೋಡಿ: ಮೇಲಿನ ಅಲಗು ಎಡಬದಿಗೆ ಇದ್ದರೆ ಅದು ನಿಜವಾದ ಎಡಗೈ ಕತ್ತರಿ. ಮಗುಚಿ ಹಿಡಿದರೂ ಹಾಗೆಯೇ ಕಾಣುತ್ತದೆ.

ಇನ್ನು ಮೊದಲ ಹತ್ತು ದಿನದ ಕಥೆ. ಪೊಟ್ಟಣ ಬಿಚ್ಚಿದ ದಿನ ಎರಡು ಪದರ ಪಾಪ್ಲಿನ್ ಹಾಸಿ ಕತ್ತರಿಸಿದರೆ ಇಲಿ ಕಚ್ಚಿದ ಹಾಗೆ ಬಂತು. ವಾಪಸ್ ಕಳಿಸೋಣವೆಂದು ಪೊಟ್ಟಣವನ್ನು ಮತ್ತೆ ಕಟ್ಟಿಯೂ ಆಗಿತ್ತು. ತಪ್ಪು ಕತ್ತರಿಯದಲ್ಲ, ನನ್ನ ಹೆಬ್ಬೆರಳಿನದು ಎಂದು ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ. ಹದಿನೈದು ವರ್ಷದ ಕಸರತ್ತನ್ನು ಅದು ಇಲ್ಲಿಯೂ ಮಾಡುತ್ತಿತ್ತು. ಇಲ್ಲಿ ಅದರಿಂದಲೇ ಅಲಗು ದೂರ ಸರಿಯುತ್ತಿತ್ತು. ಮರುದಿನದಿಂದ ಚಿಂದಿ ಬಟ್ಟೆಯ ಮೇಲೆ ಬರೀ ನೇರ ಗೆರೆ, ಆಮೇಲೆ ಕುತ್ತಿಗೆಯ ದುಂಡು, ಕೊನೆಗೆ ಕಂಕುಳ ತಿರುವು. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಒಂದು ಕ್ರೇಪ್ ಬ್ಲೌಸಿನ ತೋಳು ಕತ್ತರಿಸುತ್ತಿದ್ದೆ. ಅಲಗಿನ ಪಕ್ಕದಲ್ಲೇ ಬಿಳಿ ಗೆರೆ ಕೊನೆಯವರೆಗೂ ಕಾಣುತ್ತಿತ್ತು. ಕತ್ತು ನೆಟ್ಟಗೇ ಇತ್ತು. ಕತ್ತರಿಸಿ ಮುಗಿಸಿ ಸುಮ್ಮನೆ ಕುಳಿತೆ. ಬಲಗೈಯವರು ದಿನಾಲೂ ಇಷ್ಟು ಸುಖವಾಗಿ ಬಟ್ಟೆ ಕತ್ತರಿಸುತ್ತಿದ್ದರಲ್ಲ, ಒಬ್ಬರೂ ಹೇಳಲಿಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಸಂಜೆ ಅಂಗಡಿ ಕಟ್ಟುವ ಮುನ್ನ ಇದಕ್ಕೆ ಐದು ನಿಮಿಷ ಮೀಸಲು. ಹಳೆಯ ಬನಿಯನ್ ತುಂಡಿನಿಂದ ಅಲಗು ಒರೆಸಿ, ಸ್ಕ್ರೂವಿನ ಸಂದಿಯಲ್ಲಿ ಕೂತ ನೂಲಿನ ಧೂಳನ್ನು ಸೂಜಿಯಿಂದ ಎಬ್ಬಿಸಿ ತೆಗೆಯುತ್ತೇನೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು. ಹತ್ತು ಸಲ ಬಾಯಿ ತೆಗೆದು ಮುಚ್ಚಿ, ಚಿಂದಿಯಲ್ಲಿ ಎರಡು ಸಲ ಕತ್ತರಿಸಿ ಹೆಚ್ಚಿನ ಎಣ್ಣೆಯನ್ನು ಅದಕ್ಕೇ ಕುಡಿಸುವುದು. ಅತ್ತೆಯ ಮಾತಿಗೆ ಒಮ್ಮೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಡಿಸೆಂಬರ್ ಚಳಿಗೆ ಅದು ಸ್ಕ್ರೂವಿನಲ್ಲೇ ಹೆಪ್ಪುಗಟ್ಟಿತು, ಬಿಸಿಲೇರಿದ ಮೇಲೆ ಕರಗಿ ಗಿರಾಕಿಯ ಕೆನೆಬಣ್ಣದ ರೇಷ್ಮೆಗೆ ಇಳಿಯಿತು. ಮಳೆಗಾಲದಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಡುತ್ತೇನೆ. ಆಷಾಢದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಉಕ್ಕನ್ನು ಬಿಡುತ್ತದೆಯೇ? ಆದರೂ ನಾಲ್ಕು ಮಳೆಗಾಲದಲ್ಲಿ ಹಿಡಿಯ ಒಳಗೆ ಸಾಸಿವೆಯಷ್ಟು ತುಕ್ಕು ಬಂದದ್ದು ಬಿಟ್ಟರೆ ಮತ್ತೇನೂ ಇಲ್ಲ.

ಜರಿ ಅಂಚು, ಕ್ಯಾನ್ವಾಸ್, ಅಳತೆಯ ಕಾಗದ ಇದರ ಬಾಯಿಗೆ ಇಲ್ಲ. ಅದಕ್ಕೆ ಹಳೆಯ ಮೀರತ್ ಕತ್ತರಿ ಇದೆ. ಗುಜರಿ ಉಕ್ಕಿನಿಂದ ಹುಟ್ಟಿ, 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಕತ್ತರಿಗಳ ಬಗ್ಗೆ ನನಗೆ ಗೌರವವೇ. ನನ್ನ ಕೈಗೆ ಆಗಲಿಲ್ಲ, ಅಷ್ಟೆ.

ಇಲ್ಲಿಯವರೆಗೆ ಬರೆದದ್ದನ್ನು 2024ರ ಜನವರಿಯಲ್ಲಿ ಬರೆದಿದ್ದರೆ ಇಲ್ಲಿಗೇ ಮುಗಿಸಿ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಅದು ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿನ ಹೆಣ್ಣುಮಕ್ಕಳಿಗೆಲ್ಲ ಹೊಸ ಬ್ಲೌಸ್ ಬೇಕು. ಅಲಗು ಸ್ವಲ್ಪ ಮೊಂಡಾಗಿತ್ತೆಂದು ಸಾಣೆ ಹಿಡಿಯುವವನ ಕೈಗೆ ಕೊಟ್ಟೆ. ಎಡಗೈಯದು ಎಂದು ಎರಡು ಸಲ ಹೇಳಿದೆ. "ಕತ್ತರಿ ಕತ್ತರಿಯೇ ಅಕ್ಕ" ಎಂದು ಚಕ್ರ ತಿರುಗಿಸಿ, ಹೊರಮೈಯ ಇಳಿಜಾರು ಅವನ ರೂಢಿಯ ಕೈಗೆ ಸಿಗದಿದ್ದಾಗ ಒಳಮೈಯನ್ನೇ ಉಜ್ಜಿಬಿಟ್ಟ. ಫಳಫಳ ಹೊಳೆಯುತ್ತಿತ್ತು. ಮನೆಗೆ ಬಂದು ಸಾಟಿನ್ ಮೇಲೆ ಇಟ್ಟರೆ ನಡುವೆ ಕತ್ತರಿಸುತ್ತದೆ, ತುದಿಯಲ್ಲಿ ಅಗಿಯುತ್ತದೆ. ಜಾತ್ರೆ ಮುಗಿಯುವವರೆಗೆ ಮತ್ತೆ ಮೀರತ್ ಕತ್ತರಿ, ಮತ್ತೆ ಕತ್ತುನೋವು. ಬೇರು ಬಿಟ್ಟ ಅಭ್ಯಾಸವನ್ನು ಎರಡನೆಯ ಸಲ ಬದಲಿಸುವ ಕಷ್ಟ ಬೇರೆ. ಕಂಪನಿಗೆ ಮೂರು ಸಲ ಬರೆದೆ. ಸಾಣೆಗೆ ಎಲ್ಲಿ ಕೊಡಬೇಕು ಎಂಬ ಪ್ರಶ್ನೆಗೆ ಪ್ರತಿ ಸಲವೂ ಹೊಸ ಕತ್ತರಿಯ ಜಾಹೀರಾತು ಬಂತು. ಒಂದು ನಕ್ಷತ್ರ ಕಳೆದದ್ದು ಇದಕ್ಕೇ.

ಜಾತ್ರೆ ಕಳೆದ ಮೇಲೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಾಡುವ ಆಚಾರಿಯೊಬ್ಬರ ಹತ್ತಿರ ಒಯ್ದೆ. ಅವರು ಕತ್ತರಿಯ ಬಾಯಿ ಮುಚ್ಚಿ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. "ಬಾಯಿ ಮುಚ್ಚಿದಾಗ ನಡುವೆ ಸಣ್ಣ ಬೆಳಕು ಕಾಣಬೇಕು ತಂಗಿ. ಅಲಗು ಅಲಗಿಗೆ ಒಂದೇ ಬಿಂದುವಿನಲ್ಲಿ ತಾಗುತ್ತ ಹೋಗಬೇಕು. ಅವನು ಒಳಗಿನ ಕುಳಿಯನ್ನೇ ಸಪಾಟು ಮಾಡಿದ್ದಾನೆ" ಎಂದರು. ಮರದ ಕೊಡತಿಯಿಂದ ಎರಡು ಸಣ್ಣ ಏಟು, ನೀರುಕಲ್ಲಿನ ಮೇಲೆ ಹೊರಮೈಗೆ ಮಾತ್ರ ಅರ್ಧ ಗಂಟೆ. ನೂರು ರೂಪಾಯಿ ತೆಗೆದುಕೊಂಡರು.

ಈಗ ಬುಡದಿಂದ ಮುಕ್ಕಾಲು ಭಾಗ ಮೊದಲಿನಂತೆಯೇ ಓಡುತ್ತದೆ. ತುದಿಯ ಅರ್ಧ ಇಂಚು ಮಾತ್ರ ಇಂದಿಗೂ ರೇಷ್ಮೆಯನ್ನು ಜಗ್ಗುತ್ತದೆ. ಅಷ್ಟಕ್ಕೆ ಪಕ್ಕದಲ್ಲಿ ಕಸೂತಿಯ ಪುಟ್ಟ ಕತ್ತರಿ ಇಟ್ಟುಕೊಂಡಿದ್ದೇನೆ. ಅದು ಬಲಗೈಯದು, ಹಾಗಾಗಿ ಮಗಳು ಅದನ್ನು ಆಗಲೇ ಎರಡು ಸಲ ಒಯ್ದಿದ್ದಾಳೆ.