ಅಪ್‌ಡೇಟ್ ಆದ ಮೇಲೆ ಹಳೆಯ ಕೆಲಸವನ್ನೇ ಕೆಡಿಸಿದ ಫೋಟೋ ತಂತ್ರಾಂಶ

ಮದುವೆ ಫೋಟೋ ತಿದ್ದುವುದಕ್ಕೂ ಆಲ್ಬಮ್ ಹಾಳೆ ಜೋಡಿಸುವುದಕ್ಕೂ ನಮ್ಮ ಸ್ಟುಡಿಯೋದಲ್ಲಿ ಐದು ವರ್ಷಗಳಿಂದ ಒಂದೇ ತಂತ್ರಾಂಶವನ್ನು ತಿಂಗಳ ಬಾಡಿಗೆ ಕಟ್ಟಿ ಬಳಸುತ್ತಿದ್ದೇವೆ. ಇಂಥ ತೊಂದರೆ ಒಂದೇ ಕಂಪನಿಗೆ ಸೀಮಿತವಲ್ಲವಾದ್ದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ. ಹಿಂದಿನ ಆವೃತ್ತಿಗೆ ಐದರಲ್ಲಿ ನಾಲ್ಕು ಅಂಕವನ್ನು ಸಂತೋಷದಿಂದಲೇ ಕೊಡುತ್ತಿದ್ದೆ. ಮಂಟಪದ ಮಂದ ಬೆಳಕಿನಲ್ಲಿ ತೆಗೆದ ಫೋಟೋದಿಂದಲೂ ಜರತಾರಿ ಸೀರೆಯ ನಿಜವಾದ ಬಣ್ಣವನ್ನು ಅದು ಹೊರತೆಗೆಯುತ್ತಿತ್ತು. ಈ ವಿಮರ್ಶೆ ಇತ್ತೀಚಿನ ದೊಡ್ಡ ಅಪ್‌ಡೇಟ್ ಕುರಿತದ್ದು.

ಮೊದಲ ದೋಷ ಕಂಡದ್ದು ಧಾರೆಯ ಫೋಟೋದಲ್ಲಿ. ಮದುಮಗಳ ಮುಖ ಸ್ವಲ್ಪ ಬೆಳಗಲಿ ಎಂದು ಬ್ರಷ್‌ನಿಂದ ಹಾಕಿದ್ದ ಮಾಸ್ಕ್ (ತಿದ್ದುಪಡಿ ಫೋಟೋದ ಯಾವ ಭಾಗಕ್ಕೆ ಮಾತ್ರ ತಾಗಬೇಕು ಎಂಬ ಗುರುತು) ಅಪ್‌ಡೇಟ್ ಆದ ಬಳಿಕ ಪಕ್ಕಕ್ಕೆ ಜರುಗಿ, ಅವಳ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಬೆಳಗಿಸಿ ಮುಖವನ್ನು ಕತ್ತಲಲ್ಲೇ ಬಿಟ್ಟಿತ್ತು. ಒಂದೊಂದೇ ಫೋಟೋ ತೆರೆದು ನೋಡಿದಾಗ, ಲೆನ್ಸ್ ಕರೆಕ್ಷನ್ (ಲೆನ್ಸಿನಿಂದಾದ ಡೊಂಕನ್ನು ನೇರಮಾಡುವ ತಿದ್ದುಪಡಿ) ಹಾಕಿ ಆಮೇಲೆ ಅಂಚು ಕತ್ತರಿಸಿದ್ದ ಫೋಟೋಗಳಲ್ಲಿ ಮಾತ್ರ ಹೀಗಾಗಿದೆ ಎಂಬುದು ತಿಳಿಯಿತು. ಇಂಥ ತಂತ್ರಾಂಶಗಳು ರಾ ಫೈಲನ್ನು, ಅಂದರೆ ಕ್ಯಾಮೆರಾ ಕೊಟ್ಟ ಮೂಲ ಫೈಲನ್ನು, ಮುಟ್ಟುವುದಿಲ್ಲ. ನಾವು ಮಾಡಿದ ತಿದ್ದುಪಡಿಗಳನ್ನೆಲ್ಲ ಕ್ಯಾಟಲಾಗ್ ಎಂಬ ಬೇರೆ ಫೈಲಿನಲ್ಲಿ ಸೂಚನೆಗಳಾಗಿ ಬರೆದಿಟ್ಟುಕೊಂಡು, ಫೋಟೋ ತೆರೆದಾಗಲೆಲ್ಲ ಆ ಸೂಚನೆಗಳನ್ನು ಓದಿ ಚಿತ್ರವನ್ನು ಹೊಸದಾಗಿ ಕಟ್ಟಿಕೊಡುತ್ತವೆ. ಹಾಗಾಗಿ ಓದುವ ರೀತಿಯಲ್ಲಿ ಒಂದು ತಪ್ಪು ನುಸುಳಿದರೆ ಮೂಲ ಫೈಲಿಗೆ ಏನೂ ಆಗದಿದ್ದರೂ, ಮೂರು ತಿಂಗಳ ಹಿಂದೆ ಮುಗಿಸಿ ಗಿರಾಕಿಗೆ ತೋರಿಸಿ ಒಪ್ಪಿಗೆ ಪಡೆದ ಕೆಲಸವೂ ಬೇರೆಯಾಗಿ ಕಾಣುತ್ತದೆ.

ಎಕ್ಸ್‌ಪೋರ್ಟ್ ಮಾಡಿದ ಕೆಲವು ಫೋಟೋಗಳಲ್ಲಿ ಬೂದು ಬಣ್ಣದ ಚೌಕಗಳೂ ಬಂದವು. ಗ್ರಾಫಿಕ್ಸ್ ಕಾರ್ಡಿನ ಬಳಕೆಯನ್ನು ನಿಲ್ಲಿಸಿದಾಗ ಚೌಕ ಹೋಯಿತಾದರೂ ಕೆಲಸ ತೀರ ನಿಧಾನವಾಯಿತು; ಕಾರ್ಡಿನ ಡ್ರೈವರನ್ನು (ಕಾರ್ಡನ್ನು ನಡೆಸುವ ಸಣ್ಣ ತಂತ್ರಾಂಶವನ್ನು) ಹೊಸದಕ್ಕೆ ಬದಲಿಸಿದ ಮೇಲೆ ಎರಡೂ ಸರಿಹೋದವು. ಇದರಲ್ಲಿ ಅರ್ಧ ಹೊಣೆ ನಮ್ಮ ಹಳೆಯ ಡ್ರೈವರಿನದು ಎಂದು ಒಪ್ಪುತ್ತೇನೆ.

ನನಗೆ ಹೆಚ್ಚು ನೋವು ಕೊಟ್ಟದ್ದು ಕನ್ನಡ ಅಕ್ಷರಗಳ ವಿಷಯ. ಆಲ್ಬಮ್‌ನ ಮೊದಲ ಹಾಳೆಯಲ್ಲಿ 'ಲಕ್ಷ್ಮಿ' ಎಂಬ ಹೆಸರಿನ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಕ ಮತ್ತು ಷ ಅಕ್ಷರಗಳು ತಲೆಯ ಮೇಲೆ ಅರ್ಧಾಕ್ಷರದ ಗುರುತು ಹೊತ್ತು ಸಾಲಾಗಿ ನಿಂತಿದ್ದವು. ಅಪ್‌ಡೇಟ್ ನಮ್ಮ ಸೆಟ್ಟಿಂಗ್‌ಗಳನ್ನು ಅಳಿಸಿದಾಗ ಭಾರತೀಯ ಭಾಷೆಗಳಿಗಾಗಿ ಆರಿಸಿಟ್ಟಿದ್ದ ಅಕ್ಷರಜೋಡಣೆಯ ಆಯ್ಕೆಯೂ ಅಳಿದು, ಇಂಗ್ಲಿಷಿಗೆ ತಕ್ಕ ಜೋಡಣೆ ಬಂದು ಕುಳಿತಿತ್ತು. ಆಯ್ಕೆಯನ್ನು ಮತ್ತೆ ಹಾಕಿದರೂ ಹೊಸದಾಗಿ ಬರೆದ ಅಕ್ಷರಗಳಷ್ಟೇ ಸರಿಯಾದವು. ಹಳೆಯ ಹಾಳೆಗಳಲ್ಲಿ ಒಂದೊಂದು ಲೇಯರನ್ನೂ, ಅಂದರೆ ಅಕ್ಷರಗಳಿರುವ ಪದರವನ್ನೂ, ತೆರೆದು ಬದಲಿಸಬೇಕಾಯಿತು. ಕನ್ನಡ ಬಾರದ ಲ್ಯಾಬಿನವರು ಇದನ್ನು ಗಮನಿಸದೆ ಮುದ್ರಿಸಿಬಿಟ್ಟಿದ್ದರೆ, ಮನೆಯವರು ಜೀವಮಾನವಿಡೀ ಇಟ್ಟುಕೊಳ್ಳುವ ಆಲ್ಬಮ್‌ನಲ್ಲಿ ಮಗಳ ಹೆಸರೇ ಒಡೆದು ಹೋಗಿರುತ್ತಿತ್ತು.

ಹಳೆಯ ಆವೃತ್ತಿಗೆ ಮರಳೋಣವೆಂದರೆ, ಹೊಸದು ಬರೆದ ಕ್ಯಾಟಲಾಗನ್ನು ಹಳೆಯದು ಓದುವುದಿಲ್ಲ. ಅಪ್‌ಡೇಟಿನ ವೇಳೆ ತಂತ್ರಾಂಶ ತಾನೇ ಎತ್ತಿಟ್ಟಿದ್ದ ಪ್ರತಿ ಸಿಕ್ಕಿತು, ಆದರೆ ಅನಂತರದ ಮೂರು ದಿನಗಳ ಕೆಲಸ ಅದರಲ್ಲಿರಲಿಲ್ಲ. ಸಹಾಯವಾಣಿಯವರು ಎಲ್ಲ ಸೆಟ್ಟಿಂಗ್ ಅಳಿಸಿ ಮತ್ತೆ ಶುರುಮಾಡಿ ಎಂದಷ್ಟೇ ಹೇಳಿದರು. ಒಂಬತ್ತು ದಿನಗಳ ಬಳಿಕ ಬಂದ ಸಣ್ಣ ಅಪ್‌ಡೇಟ್ ಮಾಸ್ಕನ್ನು ಸರಿಪಡಿಸಿತು. ಕನ್ನಡದ ತೊಂದರೆಯ ಪ್ರಸ್ತಾಪ ಅದರ ಟಿಪ್ಪಣಿಯಲ್ಲಿ ಇರಲಿಲ್ಲ.

ಹೆಸರಾಂತ ತಂತ್ರಾಂಶಗಳೂ ಹೀಗೆ ಎಡವಿವೆ. 2015ರ ಅಕ್ಟೋಬರ್‌ನಲ್ಲಿ ಅಡೋಬಿ ಕಂಪನಿ ತನ್ನ ಫೋಟೋ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್‌ನಲ್ಲಿ ಫೋಟೋ ಇಳಿಸಿಕೊಳ್ಳುವ ವಿಧಾನವನ್ನು ಬದಲಿಸಿದಾಗ ಬಳಕೆದಾರರು ಸಿಟ್ಟಾದರು. ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿ ಹಳೆಯ ವಿಧಾನವನ್ನೇ ಹಿಂದಕ್ಕೆ ತಂದಿತು. 2020ರ ಆಗಸ್ಟ್‌ನಲ್ಲಿ ಐಫೋನ್ ಮತ್ತು ಐಪ್ಯಾಡ್‌ಗೆ ಬಂದ ಲೈಟ್‌ರೂಮ್ 5.4 ಆವೃತ್ತಿ, ಕ್ಲೌಡ್‌ಗೆ ಏರದಿದ್ದ ಫೋಟೋಗಳನ್ನು ಅಳಿಸಿಹಾಕಿತು. ಬಳಿಕ ಬಂದ 5.4.1 ಆ ದೋಷವನ್ನು ತಡೆಯಿತೇ ಹೊರತು ಕಳೆದುಹೋದದ್ದನ್ನು ತಂದುಕೊಡಲಾಗಲಿಲ್ಲ. ಅದೇ ಲೈಟ್‌ರೂಮ್‌ನಲ್ಲಿ ಹಳೆಯ ಫೋಟೋವನ್ನು ಹಳೆಯ ಲೆಕ್ಕಾಚಾರದಲ್ಲೇ ತೆರೆಯುವ 'ಪ್ರೊಸೆಸ್ ವರ್ಷನ್' ಎಂಬ ಏರ್ಪಾಡು ಬಹುಕಾಲದಿಂದ ಇದೆ. ನಾವು ಬಾಡಿಗೆ ಕಟ್ಟುವ ತಂತ್ರಾಂಶದಲ್ಲಿಯೂ ಅಂಥದ್ದೊಂದು ಇರಲೇಬೇಕು ಎಂಬುದು ನನ್ನ ಬೇಡಿಕೆ.

ಸದ್ಯಕ್ಕೆ ಈ ಆವೃತ್ತಿಗೆ ನಾನು ಕೊಡುವುದು ಐದರಲ್ಲಿ ಎರಡು ಅಂಕ. ಮುಹೂರ್ತಗಳ ತಿಂಗಳುಗಳಲ್ಲಿ ಇದನ್ನು ಹಾಕಿಕೊಳ್ಳಬೇಡಿ. ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ, ಕ್ಯಾಟಲಾಗ್‌ನ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ, ಮುಗಿಸಿದ ಹಳೆಯ ಕೆಲಸದಿಂದ ಇಪ್ಪತ್ತು ಫೋಟೋಗಳನ್ನೂ ಕನ್ನಡ ಹೆಸರಿರುವ ಒಂದು ಹಾಳೆಯನ್ನೂ ತೆರೆದು ನೋಡಿದ ಮೇಲಷ್ಟೇ ಮುಂದುವರಿಯಿರಿ. ನಮ್ಮ ಎರಡು ಕಂಪ್ಯೂಟರ್‌ಗಳಲ್ಲಿ ಒಂದರಲ್ಲಿ ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡಿದ್ದೇವೆ. ಆಲ್ಬಮ್ ಹಾಳೆಗಳು ಲ್ಯಾಬಿಗೆ ಹೋಗುವುದು ಈಗಲೂ ಅದರಿಂದಲೇ.