ಪಾರ್ಕ್ ಟೂಲ್ ಸಿಸಿ–4 ಚೈನ್ ಗೇಜು: ಎರಡು ಚೈನುಗಳ ಬಳಕೆಯ ನಂತರ

ಪಾರ್ಕ್ ಟೂಲ್ ಸಂಸ್ಥೆಯ ಸಿಸಿ–4 ಗೇಜು ನೋಡಲು ಏನೂ ಅಲ್ಲ. ಚಪ್ಪಟೆ ಉಕ್ಕಿನ ಒಂದು ತುಂಡು. ತಿರುಗುವ ಭಾಗವಿಲ್ಲ, ಅಳತೆಯ ಮುಳ್ಳಿಲ್ಲ. ಸೈಕಲ್ಲಿನ ಚೈನು ಬದಲಿಸುವಷ್ಟು ಸವೆದಿದೆಯೇ ಎಂಬ ಒಂದೇ ಪ್ರಶ್ನೆಗೆ ಅದು ‘ಇನ್ನೂ ಇಲ್ಲ’ ಅಥವಾ ‘ಆಯಿತು’ ಎಂದಷ್ಟೇ ಉತ್ತರ ಕೊಡುತ್ತದೆ. ಎರಡು ಚೈನುಗಳ ಆಯುಷ್ಯದುದ್ದಕ್ಕೂ ಬಳಸಿದ ಮೇಲೆ ನನಗನ್ನಿಸಿದ್ದು ಇಷ್ಟು: ಗೇರಿನ ಸೈಕಲ್ಲನ್ನು ದಿನವೂ ತುಳಿಯುವವರ ಬಳಿ ಪಂಪು ಮತ್ತು ಪಂಕ್ಚರ್ ಸಾಮಾನುಗಳ ನಂತರ ಇರಬೇಕಾದದ್ದು ಇದೇ. ಆದರೆ ಅದಕ್ಕೆ ಗೊತ್ತಿರುವುದು ಚೈನಿನ ವಿಷಯ ಮಾತ್ರ; ಹಿಂದಿನ ಚಕ್ರದ ಹಲ್ಲುಗಾಲಿಗಳ, ಅಂದರೆ ಸ್ಪ್ರಾಕೆಟ್‌ಗಳ, ಗುಚ್ಛವಾದ ಕ್ಯಾಸೆಟ್‌ನ ವಿಷಯದಲ್ಲಿ ಅದು ಮೂಕ. ಇದನ್ನು ತಿಳಿಯದೆ ಕೊಂಡವರು ನನ್ನ ಹಾಗೆ ಒಮ್ಮೆ ಏರಿನ ನಡುವೆ ಮುಗ್ಗರಿಸಬೇಕಾಗುತ್ತದೆ.

ಗೇಜು ಕೊಳ್ಳುವ ಪ್ರಸಂಗ ಬಂದದ್ದು ಗೇರು ಸರಿಯಾಗಿ ಬೀಳದ ಕಾರಣಕ್ಕೆ. ನನ್ನದು ಹಿಂದೆ 11 ಸ್ಪ್ರಾಕೆಟ್‌ಗಳಿರುವ ರಸ್ತೆ ಸೈಕಲ್ಲು. ಲಿವರ್ ಒತ್ತಿದ ಮೇಲೆ ಚೈನು ಒಂದೆರಡು ಸುತ್ತು ಅನುಮಾನಿಸಿ, ಕಟಕಟ ಸದ್ದು ಮಾಡಿ, ಆಮೇಲೆ ದೊಡ್ಡ ಸ್ಪ್ರಾಕೆಟ್‌ಗೆ ಹತ್ತುತ್ತಿತ್ತು. ರಿಪೇರಿಗೆ ಕೊಟ್ಟಾಗ ಮೊದಲು ಕೇಬಲ್ ಬದಲಾಯಿತು, ಮುಂದಿನ ಸಲ ಕೇಬಲ್ಲಿನ ಹೊರಕವಚ ಬದಲಾಯಿತು, ಮೂರನೆಯ ಸಲ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೈಲರ್‌ನ ಸ್ಪ್ರಿಂಗ್ ಸೋತಿದೆ, ಹೊಸದನ್ನೇ ಹಾಕಬೇಕು ಎಂಬ ಸಲಹೆ ಬಂತು. ಅಂಗಡಿಯ ಹೆಸರು ಇಲ್ಲಿ ಬೇಡ. ಕೆಲಸವನ್ನು ಅವರು ಶ್ರದ್ಧೆಯಿಂದಲೇ ಮಾಡಿದರು. ಆದರೆ ಮೂರು ಭೇಟಿಗಳಲ್ಲಿ ಒಮ್ಮೆಯೂ ಯಾರೂ ಚೈನನ್ನು ಅಳೆಯಲಿಲ್ಲ, ಅಳೆಯಿರಿ ಎಂದು ಕೇಳುವಷ್ಟು ತಿಳಿವಳಿಕೆ ನನಗೂ ಇರಲಿಲ್ಲ.

ಸವೆದ ಚೈನು ಹಿಗ್ಗಿದೆ ಎಂದು ಹೇಳುವುದು ವಾಡಿಕೆ. ನಿಜಕ್ಕೂ ಲೋಹ ಹಿಗ್ಗುವುದಿಲ್ಲ. ಚೈನಿನ ಪ್ರತಿ ಕೀಲಿನಲ್ಲಿ ಒಂದು ಪಿನ್ನು ಒಳಕೊಂಡಿಯ ಅಂಚಿನೊಳಗೆ ತಿರುಗುತ್ತದೆ. ಎಣ್ಣೆಯ ಜೊತೆ ಸೇರಿದ ಮರಳುಪುಡಿ ಅಲ್ಲಿ ಸಾಣೆಯ ಹಾಗೆ ಕೆಲಸ ಮಾಡಿ ಎರಡನ್ನೂ ಸವೆಸುತ್ತದೆ, ಸವೆದಷ್ಟೂ ಕೀಲು ಸಡಿಲವಾಗುತ್ತದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್, ಅಂದರೆ ಸರಿಯಾಗಿ ಅರ್ಧ ಅಂಗುಲ. ಶೇಕಡಾ 0.5 ಸವೆತವೆಂದರೆ ಒಂದು ಕೀಲಿಗೆ ಸುಮಾರು 0.06 ಮಿಲಿಮೀಟರ್, ಕಣ್ಣಿಗೆ ಕಾಣದಷ್ಟು, ಬೆರಳಿಗೆ ತಿಳಿಯದಷ್ಟು. ಆದರೆ 114 ಕೊಂಡಿಗಳ ಚೈನಿನಲ್ಲಿ ಅದೆಲ್ಲ ಒಟ್ಟಾದರೆ 7 ಮಿಲಿಮೀಟರಿಗೂ ಹೆಚ್ಚಾಗುತ್ತದೆ. ಉದ್ದದ ಜೊತೆಗೆ ಅಡ್ಡಕ್ಕೂ ಸಡಿಲ ಬರುತ್ತದೆ. ಡಿರೈಲರ್ ಪಕ್ಕಕ್ಕೆ ತಳ್ಳಿದಾಗ ಹೊಸ ಚೈನು ಒಡನೆ ವಾಲುತ್ತದೆ. ಸವೆದದ್ದು ಆ ತಳ್ಳುವಿಕೆಯ ಒಂದು ಪಾಲನ್ನು ತಾನೇ ಬಾಗಿ ನುಂಗಿಬಿಡುತ್ತದೆ. 8 ಸ್ಪೀಡಿನ, ಅಂದರೆ 8 ಸ್ಪ್ರಾಕೆಟ್‌ಗಳ, ಕ್ಯಾಸೆಟ್‌ನಲ್ಲಿ ಒಂದು ಸ್ಪ್ರಾಕೆಟ್‌ನಿಂದ ಇನ್ನೊಂದಕ್ಕೆ 4.8 ಮಿಲಿಮೀಟರ್ ಇರುವುದರಿಂದ ಇಂಥ ಸೋಮಾರಿತನ ಅಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. 11 ಸ್ಪೀಡಿನಲ್ಲಿ ಆ ಅಂತರ 3.74 ಮಿಲಿಮೀಟರಿಗೆ ಇಳಿಯುತ್ತದೆ, ತಪ್ಪಿಗೆ ಜಾಗ ಉಳಿಯುವುದಿಲ್ಲ.

ಈ 0.06 ಮಿಲಿಮೀಟರನ್ನು ಹಿಡಿಯಲು ಗೇಜುಗಳು ಎರಡು ರೀತಿಯ ಉಪಾಯ ಮಾಡುತ್ತವೆ. ಸಾಮಾನ್ಯವಾಗಿ ಸಿಗುವ ಗೇಜುಗಳಿಗೆ ಎರಡು ಮೂತಿಗಳಿರುತ್ತವೆ. ಚೈನಿನೊಳಗೆ ಇಳಿಸಿದಾಗ ಅವು ಎರಡು ತುದಿಯ ರೋಲರ್‌ಗಳನ್ನು, ಅಂದರೆ ಕೀಲುಗಳ ಸುತ್ತ ಉರುಳುವ ಪುಟ್ಟ ಬಳೆಗಳನ್ನು, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ದೂಡುತ್ತವೆ. ಹಾಗೆ ದೂಡುವಾಗ ಪಿನ್ನಿನ ಸವೆತದ ಜೊತೆಗೆ ರೋಲರ್‌ನ ಸಡಿಲವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಸ್ಪ್ರಾಕೆಟ್‌ನ ಮೇಲೆ ಓಡುವಾಗ ರೋಲರ್‌ಗಳೆಲ್ಲ ಒಂದೇ ದಿಕ್ಕಿಗೆ ಒತ್ತಿಕೊಂಡಿರುತ್ತವೆ, ಹೀಗಾಗಿ ಅವುಗಳ ಸಡಿಲದಿಂದ ಹಲ್ಲಿನ ಅಂತರ ಬದಲಾಗುವುದಿಲ್ಲ. ಗೇಜು ಮಾತ್ರ ಅದನ್ನೂ ಸವೆತವೆಂದು ಬರೆದುಕೊಳ್ಳುತ್ತದೆ. ಫಲವಾಗಿ ಇನ್ನೂ ಬಾಳಬಹುದಾದ ಚೈನನ್ನು ಬಿಸಾಡುವಂತಾಗುತ್ತದೆ. ಸ್ರಾಮ್ ಸಂಸ್ಥೆಯ ಫ್ಲಾಟ್‌ಟಾಪ್ ಚೈನಿನ ರೋಲರ್‌ಗಳು ಇತರ ಚೈನುಗಳಿಗಿಂತ ದಪ್ಪವಾಗಿರುವುದರಿಂದ ಎರಡು ಮೂತಿಯ ಗೇಜಿನ ಮಾತನ್ನು ಅಲ್ಲಿ ನಂಬುವಂತೆಯೇ ಇಲ್ಲ.

ಸಿಸಿ–4 ಮೂರು ಕಡೆ ತಾಗುತ್ತದೆ. ಒಂದು ತುದಿಯನ್ನು ಚೈನಿಗೆ ಸಿಕ್ಕಿಸಿ, ನಡುಭಾಗವನ್ನು ಒತ್ತಿ ಬಿಗಿ ಮಾಡಿದರೆ, ಅಳತೆಗೆ ಬರುವ ಎರಡೂ ರೋಲರ್‌ಗಳು ಒಂದೇ ಕಡೆಗೆ ಸರಿದು ನಿಲ್ಲುತ್ತವೆ. ಉಳಿಯುವುದು ಪಿನ್ನಿನ ಸವೆತ ಮಾತ್ರ. ಇನ್ನೊಂದು ತುದಿ ಕೊಂಡಿಯೊಳಗೆ ಇಳಿದರೆ ಮಿತಿ ಮೀರಿದೆ, ಮೇಲೆಯೇ ನಿಂತರೆ ಮೀರಿಲ್ಲ. ಒಂದು ಬದಿ 0.5ಕ್ಕೆ, ಇನ್ನೊಂದು 0.75ಕ್ಕೆ. 11 ಮತ್ತು 12 ಸ್ಪೀಡಿನ ಚೈನುಗಳನ್ನು 0.5ರಲ್ಲಿ, 10 ಮತ್ತು ಅದಕ್ಕೂ ಕಡಿಮೆ ಸ್ಪೀಡಿನವನ್ನು 0.75ರಲ್ಲಿ ಬದಲಿಸಬೇಕೆಂಬುದು ತಯಾರಕರ ಸೂಚನೆ. ಶಿಮಾನೊದ ಟಿಎಲ್–ಸಿಎನ್42 ಗೇಜು ಕೂಡ ಇದೇ ಮೂರು ಬಿಂದುವಿನ ತತ್ತ್ವದ್ದು. ಎರಡರಲ್ಲಿ ಯಾವುದನ್ನು ಕೊಂಡರೂ ನಷ್ಟವಿಲ್ಲ. ನಾನು ಸಿಸಿ–4 ಆಯ್ದದ್ದು ಅದರಲ್ಲಿ ಎರಡು ಮಿತಿಗಳಿವೆ ಎಂಬ ಕಾರಣಕ್ಕೆ: ಮನೆಯಲ್ಲಿ 8 ಸ್ಪೀಡಿನ ಹಳೆಯ ಸೈಕಲ್ಲೊಂದಿದೆ.

ಬಳಸುವಾಗ ಎರಡು ಎಚ್ಚರಿಕೆ ಬೇಕು. ಚೈನು ಕೊಳಕಾಗಿದ್ದರೆ ಹೆಪ್ಪುಗಟ್ಟಿದ ಎಣ್ಣೆಯ ಮೇಲೆ ತುದಿ ಕುಳಿತು, ಇಳಿಯಬೇಕಾದದ್ದು ಇಳಿಯದೆ ನಿಲ್ಲುತ್ತದೆ; ಒರೆಸಿಯೇ ಅಳೆಯಬೇಕು. ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಮೂರು ನಾಲ್ಕು ಕಡೆ ಅಳೆಯುವುದು ಒಳ್ಳೆಯದು. ಮೊದಲ ದಿನ ನಾನು ಅಳೆದಾಗ ಎಲ್ಲ ಕಡೆಯೂ 0.5ರ ತುದಿ ಧಾರಾಳವಾಗಿ ಇಳಿಯಿತು, 0.75ರದ್ದೂ ಇಳಿಯಿತು. ಡಿರೈಲರ್‌ನ ಸ್ಪ್ರಿಂಗಿನ ಮೇಲೆ ಬಂದಿದ್ದ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಹೊಸ ಚೈನು ಹಾಕಿದೆ. ಗೇರು ಬೆಣ್ಣೆಯ ಹಾಗೆ ಬೀಳತೊಡಗಿತು. ಮಾರನೆಯ ದಿನ ಒಂದು ಏರಿನಲ್ಲಿ ಸೀಟಿನಿಂದೆದ್ದು ತುಳಿದಾಗ 14 ಹಲ್ಲಿನ ಸ್ಪ್ರಾಕೆಟ್‌ನಲ್ಲಿ ಚೈನು ಢಬ್ ಎಂದು ಹಾರಿ, ಪೆಡಲ್ ಸೋತು, ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. 15ರಲ್ಲೂ ಅದೇ ಕಥೆ. ಉಳಿದ ಒಂಬತ್ತರಲ್ಲಿ ತೊಂದರೆಯಿಲ್ಲ. ಅವೆರಡೂ ನಾನು ಸಮತಟ್ಟಿನಲ್ಲಿ ಸದಾ ಬಳಸುವ ಗೇರುಗಳು. ಅಂತರ ಹೆಚ್ಚಾದ ಹಳೆಯ ಚೈನು ಆ ಹಲ್ಲುಗಳನ್ನು ತನ್ನ ಅಳತೆಗೆ ತಕ್ಕಂತೆ ತಿಂದು ರೂಪಿಸಿಕೊಂಡಿತ್ತು, ಆದ್ದರಿಂದ ಚೈನೂ ಹಲ್ಲುಗಳೂ ಜಗಳವಿಲ್ಲದೆ ಬಾಳಿದ್ದವು. ನಿಜವಾದ 12.7 ಮಿಲಿಮೀಟರಿನ ಹೊಸ ಚೈನು ಬಂದಾಗ ಅದರ ರೋಲರ್‌ಗಳು ಹಲ್ಲುಗಳ ಬುಡದಲ್ಲಿ ಕೂರಲಾರದೆ, ಭಾರವೆಲ್ಲ ಒಂದೆರಡು ಹಲ್ಲುಗಳ ಮೇಲೆ ಬಿದ್ದು, ಅವುಗಳ ಇಳಿಜಾರಾದ ಮೈಯನ್ನೇರಿ ಆಚೆಗೆ ಹಾರಿದವು. ಚಿಕ್ಕ ಸ್ಪ್ರಾಕೆಟ್‌ಗಳಲ್ಲಿ ಒಮ್ಮೆಗೆ ಭಾರ ಹೊರುವ ಹಲ್ಲುಗಳೇ ಕಡಿಮೆ, ಹಾಗಾಗಿ ಸವೆತವೂ ಬೇಗ, ಜಾರುವುದೂ ಬೇಗ.

ಸಿಸಿ–4 ಹೇಳದೆ ಉಳಿಸುವ ನಿಜ ಇದೇ. ಕಣ್ಣಿನಿಂದ ನೋಡಿ ತಿಳಿಯೋಣವೆಂದರೆ ಅದೂ ಸುಲಭವಲ್ಲ. ಶಿಮಾನೊದ ಹೈಪರ್‌ಗ್ಲೈಡ್ ಮಾದರಿಯ ಕ್ಯಾಸೆಟ್‌ಗಳಲ್ಲಿ ಚೈನು ಸಲೀಸಾಗಿ ಹತ್ತಲೆಂದು ಕೆಲವು ಹಲ್ಲುಗಳನ್ನು ಹುಟ್ಟಿನಿಂದಲೇ ಗಿಡ್ಡ ಮಾಡಿ, ಓರೆ ಕತ್ತರಿಸಿರುತ್ತಾರೆ. ಅದನ್ನು ನೋಡಿ ಸವೆದಿದೆಯೆಂದು ಹೆದರುವವರು ಬಹಳ. ನೋಡಬೇಕಾದದ್ದು ಹಲ್ಲಿನ ಎತ್ತರವನ್ನಲ್ಲ, ಎರಡು ಹಲ್ಲುಗಳ ನಡುವಿನ ಕಣಿವೆಯನ್ನು: ಅದು ಒಂದು ಕಡೆಗೆ ಅಗಲವಾಗಿ, ಹಲ್ಲು ಕೊಕ್ಕೆಯ ಆಕಾರಕ್ಕೆ ತಿರುಗಿದ್ದರೆ ಸವೆತ ಖಚಿತ. ಅನುಮಾನವಿದ್ದಲ್ಲಿ ಹೊಸ ಚೈನು ಹಾಕಿ, ವಾಹನಗಳಿಲ್ಲದ ಕಡೆ, ಪ್ರತಿ ಗೇರಿನಲ್ಲೂ ಕೂತುಕೊಂಡೇ ಬಲವಾಗಿ ತುಳಿದು ನೋಡುವುದೇ ಪರೀಕ್ಷೆ. ಎದ್ದು ನಿಂತು ಪರೀಕ್ಷಿಸಬಾರದು. ನನ್ನ ಮೊಣಕಾಲು ಸಾಕ್ಷಿ.

ಹಾಗೆಂದು ಗೇರಿನ ಎಲ್ಲ ತೊಂದರೆಗೂ ಚೈನನ್ನೇ ದೂರುವುದು ಇನ್ನೊಂದು ಅತಿರೇಕ. ಗೇಜು ‘ಇನ್ನೂ ಇಲ್ಲ’ ಎಂದರೆ ಅಲ್ಲಿಂದ ಹುಡುಕಾಟ ಬೇರೆ ಕಡೆ ಹೊರಡಬೇಕು. ಭಾರ ಹಾಕಿ ತುಳಿದಾಗ ಮಾತ್ರ ಚೈನು ಜಾರಿದರೆ ಹಲ್ಲಿನ ಸವೆತ. ಭಾರ ಹಾಕದೆ ತುಳಿದಾಗಲೂ ಚೈನಿನ ಪ್ರತಿ ಸುತ್ತಿಗೆ ಒಮ್ಮೆ ಕುಲುಕಿದರೆ ಎಲ್ಲೋ ಒಂದು ಕೊಂಡಿ ಬಿಗಿದಿದೆ. ಒಂದು ದಿಕ್ಕಿಗೆ ಗೇರು ಚೆನ್ನಾಗಿ ಬಿದ್ದು ಇನ್ನೊಂದು ದಿಕ್ಕಿಗೆ ತಡವಾದರೆ ಕೇಬಲ್ಲಿನಲ್ಲಿ ತಿಕ್ಕಾಟವಿದೆ. ಸೈಕಲ್ಲು ಬಲಮಗ್ಗುಲಿಗೆ ಬಿದ್ದ ಮೇಲೆ ಶುರುವಾದ ತೊಂದರೆಯಾದರೆ ಡಿರೈಲರ್ ತೂಗುವ ಹ್ಯಾಂಗರ್ ಬಾಗಿರುವುದೇ ಹೆಚ್ಚು. ಅದು ಬಾಗಿರುವಾಗ ಕೇಬಲ್ಲಿನ ಬಿಗಿತ ಹೊಂದಿಸುವ ಬ್ಯಾರೆಲ್ ಎಷ್ಟು ತಿರುವಿದರೂ ಒಂದು ಗೇರು ಸರಿಹೋದರೆ ಇನ್ನೊಂದು ಕೆಡುತ್ತದೆ.

ಕ್ಯಾಸೆಟ್ ಬದಲಿಸಲೇಬೇಕಾಗಿ ಬಂದಾಗ ಆಯ್ಕೆಯ ತಲೆನೋವು ನಿಜವಾಗಿ ಶುರುವಾಯಿತು. ಚೈನಿನ ಆಯ್ಕೆ ಸುಲಭ: ಸ್ಪೀಡಿನ ಸಂಖ್ಯೆ ಹೊಂದಬೇಕು, ಏಕೆಂದರೆ 8 ಸ್ಪೀಡಿನ ಚೈನಿನ ಹೊರ ಅಗಲ ಸುಮಾರು 7.1 ಮಿಲಿಮೀಟರ್, 11 ಸ್ಪೀಡಿನದು ಸುಮಾರು 5.5. ಅದು ಹೊಂದಿದರೆ 11 ಸ್ಪೀಡಿನವರೆಗೆ ಕೆಎಂಸಿ ಚೈನನ್ನು ಶಿಮಾನೊ ಕ್ಯಾಸೆಟ್ ಮೇಲೆ ಓಡಿಸಲು ಅಡ್ಡಿಯಿಲ್ಲ. ಗಮನ ಬೇಕಾದದ್ದು ಚೈನಿನ ಎರಡು ತುದಿಗಳನ್ನು ಸೇರಿಸುವ ಕ್ವಿಕ್ ಲಿಂಕ್ ಕಡೆಗೆ: ಶಿಮಾನೊ ಮತ್ತು ಸ್ರಾಮ್‌ನ 11 ಸ್ಪೀಡಿನ ಲಿಂಕ್‌ಗಳನ್ನು ಒಮ್ಮೆ ಮಾತ್ರ ಬಳಸಲೆಂದು ಮಾಡಿದ್ದಾರೆ, ಚೈನನ್ನು ಆಗಾಗ ಬಿಚ್ಚಿ ತೊಳೆಯುವವರಿಗೆ ಕೆಎಂಸಿಯ ಮರುಬಳಕೆಯ ಲಿಂಕ್ ಹೆಚ್ಚು ಅನುಕೂಲ. ಉದ್ದವನ್ನು ಹಳೆಯ ಚೈನಿನ ಪಕ್ಕದಲ್ಲಿಟ್ಟು ನೋಡಿ ಕತ್ತರಿಸಬಾರದು, ಹಳೆಯದು ಸವೆದು ಉದ್ದವಾಗಿರುತ್ತದೆ, ಕೊಂಡಿಗಳನ್ನು ಎಣಿಸಬೇಕು.

ಕ್ಯಾಸೆಟ್ ಹಾಗಲ್ಲ. ಮೊದಲು ಕ್ಯಾಸೆಟ್ ಕೂರುವ ಹಿಂಚಕ್ರದ ಭಾಗ, ಅಂದರೆ ಫ್ರೀಹಬ್, ಯಾವುದೆಂದು ತಿಳಿದಿರಬೇಕು. ಶಿಮಾನೊದ ಎಚ್‌ಜಿ, ಮೈಕ್ರೋಸ್ಪ್ಲೈನ್, ಸ್ರಾಮ್‌ನ ಎಕ್ಸ್‌ಡಿ, ಇವು ಒಂದಕ್ಕೊಂದು ಕೂರುವುದಿಲ್ಲ. ಎಚ್‌ಜಿಯಲ್ಲೂ 11 ಸ್ಪೀಡಿನ ರಸ್ತೆ ಫ್ರೀಹಬ್ ಹಳೆಯದಕ್ಕಿಂತ 1.85 ಮಿಲಿಮೀಟರ್ ಉದ್ದ. ನಾನು ಈ ಸಲ ಏರಿಗೆ ಸ್ವಲ್ಪ ದಯೆಯಿರಲೆಂದು ಶಿಮಾನೊದ ಎಚ್‌ಜಿ700, 11ರಿಂದ 34 ಹಲ್ಲಿನದನ್ನು ಆಯ್ದೆ. ಇದು ಹಳೆಯ ಗಿಡ್ಡ ಫ್ರೀಹಬ್‌ಗೂ ಕೂರುವ ಹಾಗೆ ಮಾಡಿದ ಕ್ಯಾಸೆಟ್ ಆದ್ದರಿಂದ ನನ್ನ ಉದ್ದದ ಫ್ರೀಹಬ್‌ನಲ್ಲಿ ಹಿಂದೆ 1.85 ಮಿಲಿಮೀಟರಿನ ಸ್ಪೇಸರ್ ಇಡಬೇಕು. ಅದನ್ನು ಮರೆತರೆ ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ 40 ನ್ಯೂಟನ್ ಮೀಟರಿಗೆ ಬಿಗಿದ ಮೇಲೂ ಸ್ಪ್ರಾಕೆಟ್‌ಗಳು ಲಟಗುಟ್ಟುತ್ತವೆ. ಡಿರೈಲರ್‌ನ ಮಿತಿಯನ್ನೂ ನೋಡಿಕೊಂಡೆ: ಶಿಮಾನೊ 105 ಆರ್7000 ಡಿರೈಲರ್‌ನಲ್ಲಿ ಗಿಡ್ಡ ಪಂಜರದ (ಚೈನನ್ನು ಬಿಗಿ ಹಿಡಿಯುವ ಕೆಳಭಾಗದ) ಮಾದರಿ 30 ಹಲ್ಲಿನವರೆಗೆ ಮಾತ್ರ, ಉದ್ದ ಪಂಜರದ್ದು 34ರವರೆಗೆ. ಅದೃಷ್ಟಕ್ಕೆ ನನ್ನದು ಉದ್ದದ್ದು. ದೊಡ್ಡ ಸ್ಪ್ರಾಕೆಟ್ ಬಂದದ್ದರಿಂದ ಚೈನಿಗೆ ಹಳೆಯ ಎಣಿಕೆ ಸಾಲಲಿಲ್ಲ. ಮುಂದೆ ಪೆಡಲ್ ಬಳಿಯ ದೊಡ್ಡ ಚೈನ್‌ರಿಂಗ್ ಮತ್ತು ಹಿಂದಿನ ದೊಡ್ಡ ಸ್ಪ್ರಾಕೆಟ್‌ನ ಸುತ್ತ ಹೊಸದಾಗಿ ಅಳೆದುಕೊಳ್ಳಬೇಕಾಯಿತು.

ಇನ್ನೂ ದುಬಾರಿ ಕ್ಯಾಸೆಟ್‌ಗೆ ಹೋಗಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ, ಬಾಳಿಕೆಗಾಗಿ ಬೇಡ. ಬೆಲೆ ಏರಿದಂತೆ ಇಳಿಯುವುದು ತೂಕ. ಶಿಮಾನೊದ ದುಬಾರಿ ಡ್ಯೂರಾ–ಏಸ್‌ನ 11 ಸ್ಪೀಡಿನ ಕ್ಯಾಸೆಟ್‌ನಲ್ಲಿ ದೊಡ್ಡ ಸ್ಪ್ರಾಕೆಟ್‌ಗಳು ಟೈಟಾನಿಯಮ್‌ನವು. ಹಗುರ ನಿಜ, ಆದರೆ ಸವೆತ ತಡೆಯುವುದರಲ್ಲಿ ಸಾಧಾರಣ ಉಕ್ಕಿಗೆ ಸಾಟಿಯಲ್ಲ. ದಿನಬಳಕೆಗೆ ಮಧ್ಯಮ ದರ್ಜೆಯ ಉಕ್ಕಿನ ಕ್ಯಾಸೆಟ್ ಸಾಕು. ಉಳಿದ ಹಣಕ್ಕೆ ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸಬಹುದು. ಮುಂದಿನ ಚೈನ್‌ರಿಂಗ್‌ಗಳಲ್ಲಿ ಹಲ್ಲು ಹೆಚ್ಚು, ಅವು ಹಲವು ಚೈನುಗಳನ್ನು ಕಾಣುತ್ತವೆ. ನನ್ನವನ್ನು ಇನ್ನೂ ಮುಟ್ಟಿಲ್ಲ.

ಗೇಜಿನ ಮೇಲೆ ನನಗಿರುವ ದೂರು ಒಂದೇ. ಸೊನ್ನೆಯಿಂದ 0.5ರ ನಡುವೆ ಅದು ಏನನ್ನೂ ಹೇಳುವುದಿಲ್ಲ. ಚೈನು ಅರ್ಧ ಆಯುಷ್ಯದಲ್ಲಿದೆಯೋ ಅಂಚಿಗೆ ಬಂದಿದೆಯೋ ತಿಳಿಯದೆ, ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ನಿರ್ಧಾರ ಕಷ್ಟ. ಅಂಥ ಹೊತ್ತಿಗೆ ಉಕ್ಕಿನ ಅಳತೆಪಟ್ಟಿಯೇ ಗತಿ: ಚೈನನ್ನು ಬಿಗಿಯಾಗಿ ಹಿಡಿದು 24 ಕೀಲುಗಳ ಉದ್ದ ಅಳೆದರೆ ಹೊಸದರಲ್ಲಿ 304.8 ಮಿಲಿಮೀಟರ್ ಇರಬೇಕು, 306.3 ಆದರೆ 0.5 ತಲುಪಿತು. ಅಳತೆಪಟ್ಟಿಗೂ ರೋಲರ್‌ನ ಸಡಿಲ ಅಡ್ಡಬರುವುದಿಲ್ಲ, ಪಿನ್ನಿನ ಅಂಚಿನಿಂದ ಪಿನ್ನಿನ ಅಂಚಿಗೆ ಅಳೆಯುತ್ತೇವಲ್ಲ. ಆದರೆ ಅರ್ಧ ಮಿಲಿಮೀಟರನ್ನು ನಂಬಿಕೆಯಿಂದ ಓದಲು ಒಳ್ಳೆಯ ಬೆಳಕು, ನಡುಗದ ಕೈ, ನನ್ನ ವಯಸ್ಸಿನವರಿಗೆ ಕನ್ನಡಕವೂ ಬೇಕು. ಗೇಜಿಗೆ ಇದಾವುದೂ ಬೇಡ, ಐದು ಸೆಕೆಂಡಿನ ಕೆಲಸ. ಹಾಗಾಗಿ ವಾರಕ್ಕೊಮ್ಮೆ ಗೇಜು, ಪ್ರಯಾಣದ ಮುನ್ನ ಅಳತೆಪಟ್ಟಿ ಎಂದು ಮಾಡಿಕೊಂಡಿದ್ದೇನೆ.

ಹೊಸ ಕ್ಯಾಸೆಟ್‌ನ ಮೇಲೆ ಓಡಿದ ಎರಡು ಚೈನುಗಳನ್ನೂ 0.5ರ ತುದಿ ಇಳಿದ ದಿನವೇ ತೆಗೆದಿದ್ದೇನೆ. ಮೂರನೆಯದನ್ನು ಕಳೆದ ವಾರ ಹಾಕಿ, ಅದೇ ಏರಿಗೆ ಹೋಗಿ, ಈ ಬಾರಿ ಸೀಟಿನ ಮೇಲೆ ಕೂತೇ, ಹೊಸ ಕ್ಯಾಸೆಟ್‌ನಲ್ಲಿ 14 ಇಲ್ಲದ್ದರಿಂದ 13ರಲ್ಲೂ 15ರಲ್ಲೂ ಶಕ್ತಿಯಿದ್ದಷ್ಟು ತುಳಿದೆ. ಎರಡರಲ್ಲೂ ಚೈನು ಜಾರಲಿಲ್ಲ.