ಚಿತ್ರ ಮುಗಿದ ಮೇಲಿನ ವರದಿಗೆ ಗೂಗಲ್ ಡಾಕ್ಸ್ ಎಷ್ಟು ಒದಗುತ್ತದೆ

ಪತ್ರಿಕೋದ್ಯಮ ಮತ್ತು ಸಮೂಹ ಸಂವಹನವನ್ನು ಓದುವ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಒಂದು ಕಿರು ಸಾಕ್ಷ್ಯಚಿತ್ರವನ್ನೋ ರೇಡಿಯೊ ಕಾರ್ಯಕ್ರಮವನ್ನೋ ತಯಾರಿಸಿ, ಅದರ ಜೊತೆಗೆ ಆತ್ಮಾವಲೋಕನದ ಒಂದು ವರದಿಯನ್ನೂ ಒಪ್ಪಿಸುವುದು ರೂಢಿ. ಮಕ್ಕಳು ಇದನ್ನು ರಿಫ್ಲೆಕ್ಟಿವ್ ರಿಪೋರ್ಟ್ ಎಂದೇ ಕರೆಯುತ್ತಾರೆ. ಚಿತ್ರಕ್ಕಾಗಿ ರಾತ್ರಿಯೆಲ್ಲ ಎಡಿಟಿಂಗ್ ಮಾಡುವವರು ಈ ವರದಿಯನ್ನು ಮಾತ್ರ ಒಪ್ಪಿಸುವ ಹಿಂದಿನ ದಿನ ಕುಳಿತು ಬರೆಯುತ್ತಾರೆ ಎಂಬುದು ಮಂಗಳೂರಿನಲ್ಲಿ ಈ ವಿಷಯವನ್ನು ಕಲಿಸುತ್ತಿರುವ ನನಗೆ ಬಹಳ ಕಾಲದಿಂದ ಬೇಸರ ತಂದಿರುವ ಸಂಗತಿ. ಈ ಬಾರಿ ಒಂದು ತಂಡದ ವರದಿಯನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ಗೂಗಲ್ ಡಾಕ್ಸ್‌ನ ಒಂದೇ ಕಡತದಲ್ಲಿ ಬರೆಸಿದೆ. ಹಲವರು ಸೇರಿ ಅಂತರ್ಜಾಲದಲ್ಲಿ ಒಂದೇ ಕಡತವನ್ನು ಬರೆಯಲು ಉಚಿತವಾಗಿ ಸಿಗುವ ಈ ತಂತ್ರಾಂಶ ಇಂಥ ಬರವಣಿಗೆಗೆ ಎಲ್ಲಿ ಒದಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು, ಮುಂದಿನ ಸೆಮಿಸ್ಟರಿನಲ್ಲಿ ಇದೇ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ವರದಿಯಲ್ಲಿ ಏನಿರಬೇಕು ಎಂಬುದು ಸ್ಪಷ್ಟವಾಗಿರದಿದ್ದರೆ ಸಲಕರಣೆಯ ಬೆಲೆಯೂ ತಿಳಿಯುವುದಿಲ್ಲ. ಅಮೆರಿಕದ ಚಿಂತಕ ಡೊನಾಲ್ಡ್ ಶಾನ್ 1983ರಲ್ಲಿ ವೃತ್ತಿಪರರ ಚಿಂತನೆಯನ್ನು ಎರಡಾಗಿ ಬಿಡಿಸಿ ತೋರಿಸಿದರು: ಕೆಲಸ ನಡೆಯುತ್ತಿರುವಾಗಲೇ ನಡೆಯುವ ಆಲೋಚನೆ ಒಂದು, ಕೆಲಸ ಮುಗಿದ ಮೇಲೆ ಅದರ ಬಗ್ಗೆ ಮಾಡುವ ಆಲೋಚನೆ ಇನ್ನೊಂದು. ಇಂಗ್ಲೆಂಡಿನ ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಚಕ್ರವನ್ನು ನಮ್ಮ ತರಗತಿಗಳಲ್ಲಿಯೂ ಬಳಸುತ್ತೇವೆ. ನಡೆದದ್ದರ ವಿವರಣೆ, ಆಗ ಅನಿಸಿದ್ದು, ಒಳಿತು ಕೆಡುಕುಗಳ ಅಳತೆ, ಕಾರಣಗಳ ವಿಶ್ಲೇಷಣೆ, ತೀರ್ಮಾನ, ಮುಂದಿನ ಬಾರಿಯ ಯೋಜನೆ ಎಂಬುದು ಅದರ ಕ್ರಮ. ವಿದ್ಯಾರ್ಥಿಗಳ ವರದಿಗಳು ಹೆಚ್ಚಾಗಿ ಮೊದಲನೆಯ ಹಂತದಲ್ಲಿಯೇ ನಿಂತುಬಿಡುತ್ತವೆ. ಬೆಳಿಗ್ಗೆ ಹೊರಟೆವು, ಕ್ಯಾಮೆರಾ ಹೂಡಿದೆವು, ಮಳೆ ಬಂತು, ಹಿಂತಿರುಗಿದೆವು ಎಂಬಲ್ಲಿಗೆ ನಾಲ್ಕು ಪುಟ ತುಂಬಿರುತ್ತದೆ. ಇದಕ್ಕೆ ಸೋಮಾರಿತನವೊಂದನ್ನೇ ಕಾರಣವೆನ್ನುವುದು ಅನ್ಯಾಯ. ಎಲ್ಲ ಮುಗಿದ ಮೇಲೆ ಬರೆಯಲು ಕುಳಿತವರಿಗೆ ತಾವು ಮೊದಲು ಏನೆಂದು ನಂಬಿದ್ದೆವು ಎಂಬುದೇ ಮರೆತಿರುತ್ತದೆ. ಕೊನೆಗೆ ತಲುಪಿದ ಚಿತ್ರವನ್ನೇ ಮೊದಲಿನಿಂದಲೂ ಉದ್ದೇಶಿಸಿದ್ದೆವು ಎಂದು ಅವರಿಗೆ ಪ್ರಾಮಾಣಿಕವಾಗಿಯೇ ಅನಿಸುತ್ತದೆ.

ತಂಡ ತನ್ನ ಸಾಕ್ಷ್ಯಚಿತ್ರಕ್ಕೆ ಆರಿಸಿಕೊಂಡದ್ದು ಉಡುಪಿ ಬಳಿಯ ಮಲ್ಪೆ ಬಂದರನ್ನು, ಅದೂ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳೆಲ್ಲ ಸಾಲಾಗಿ ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ನಿಂತಿರುತ್ತವೆ, ಬಂದರು ನಿರ್ಜನವಾಗಿರುತ್ತದೆ ಎಂಬ ಎಣಿಕೆಯ ಮೇಲೆ ಅವರು ಶಾಟ್ ಪಟ್ಟಿ ಸಿದ್ಧಪಡಿಸಿದ್ದರು. ಖಾಲಿ ಹರಾಜುಕಟ್ಟೆ, ಕಟ್ಟಿಹಾಕಿದ ಹಗ್ಗ, ಮಳೆಯಲ್ಲಿ ನೆನೆಯುವ ಬಣ್ಣದ ಬೋಟು ಎಂದು ಅದರಲ್ಲಿತ್ತು. ಹೋಗಿ ನೋಡಿದರೆ ದಕ್ಕೆಯಲ್ಲಿ ಬೇರೆಯೇ ಕೆಲಸ ಭರದಿಂದ ನಡೆಯುತ್ತಿತ್ತು: ಬಲೆ ಹೆಣೆಯುವವರು, ಬೋಟಿನ ಮರಗೆಲಸ ಮತ್ತು ಎಂಜಿನ್ ರಿಪೇರಿ ಮಾಡುವವರು, ಒಣಮೀನು ಮಾರುವ ಹೆಂಗಸರು, ನಾಡದೋಣಿಗಳಿಂದ ಬಂದ ಅಷ್ಟಿಷ್ಟು ಮೀನಿಗೆ ಕಾಯುವವರು. ನಿಂತುಹೋದ ಬಂದರಿನ ಚಿತ್ರವಾಗಬೇಕಿದ್ದದ್ದು ಹೀಗೆ ರಿಪೇರಿಯ ಕಾಲದ ಚಿತ್ರವಾಯಿತು. ವರದಿಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ವಸ್ತು ಬೇಕಿಲ್ಲ, ಏಕೆಂದರೆ ದೂರದಿಂದ ಊಹಿಸಿದ್ದಕ್ಕೂ ಹತ್ತಿರ ಹೋಗಿ ಕಂಡದ್ದಕ್ಕೂ ನಡುವಿನ ಅಂತರವೇ ಇಲ್ಲಿ ವಿಶ್ಲೇಷಣೆಗೆ ಸಿಗುತ್ತದೆ.

ಗೂಗಲ್ ಡಾಕ್ಸ್‌ನ ಅತ್ಯಂತ ಬೆಲೆಯುಳ್ಳ ಗುಣ ಇಲ್ಲಿಯೇ ಕೆಲಸಕ್ಕೆ ಬಂತು. ಕಡತದಲ್ಲಿ ಮಾಡಿದ ಬದಲಾವಣೆಗಳನ್ನು ಅದು ಆವೃತ್ತಿ ಇತಿಹಾಸವೆಂಬ ಭಾಗದಲ್ಲಿ ದಿನಾಂಕ, ವೇಳೆ ಮತ್ತು ಬರೆದವರ ಹೆಸರಿನೊಂದಿಗೆ ಇಟ್ಟುಕೊಳ್ಳುತ್ತದೆ. ಚಿತ್ರೀಕರಣಕ್ಕೆ ಮೊದಲು ಬರೆದ ಟಿಪ್ಪಣಿಗೆ ‘ಮಲ್ಪೆಗೆ ಹೋಗುವ ಮೊದಲು’ ಎಂದೂ ಮೊದಲ ಭೇಟಿಯ ನಂತರದ್ದಕ್ಕೆ ‘ಬಲೆ ಹೆಣೆಯುವವರನ್ನು ಕಂಡ ಮೇಲೆ’ ಎಂದೂ ಹೆಸರಿಡಲು ಹೇಳಿದೆ. ಕೊನೆಯ ವರದಿ ಬರೆಯುವಾಗ ತಂಡದವರು ಈ ಎರಡು ಆವೃತ್ತಿಗಳನ್ನು ಒಂದಾದ ಮೇಲೊಂದು ತೆರೆದು ಓದಿದರು. ಮೊದಲನೆಯದರಲ್ಲಿ ಹಿನ್ನೆಲೆ ನಿರೂಪಣೆಯ ಪೂರ್ಣ ಕರಡಿತ್ತು. ಮೌನವಾದ ಬಂದರು ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಎರಡನೆಯದರಲ್ಲಿ ಆ ನಿರೂಪಣೆಯನ್ನು ಪೂರ್ತಿ ಕೈಬಿಟ್ಟು, ಕೆಲಸಗಾರರ ಮಾತಿನಿಂದಲೇ ಚಿತ್ರವನ್ನು ನಡೆಸುವ ನಿರ್ಧಾರ ಕಾಣುತ್ತಿತ್ತು. ನಿರೂಪಣೆಯನ್ನು ಏಕೆ ಬಿಟ್ಟೆವು, ಅದು ಯಾರ ಕಣ್ಣಿನಿಂದ ಬರೆದ ಮಾತಾಗಿತ್ತು ಎಂಬ ಪ್ರಶ್ನೆಗೆ ಉತ್ತರಿಸುತ್ತ ಅವರು ಬರೆದ ಒಂದೂವರೆ ಪುಟ ಇಡೀ ವರದಿಯ ಜೀವಾಳವಾಗಿದೆ. ಆ ಹಳೆಯ ಕರಡು ಕಣ್ಣೆದುರು ಇರದಿದ್ದರೆ ಆ ಒಂದೂವರೆ ಪುಟ ಹುಟ್ಟುತ್ತಿರಲಿಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಇದನ್ನು ಬಳಸುವವರು ಎರಡು ವಿಷಯ ತಿಳಿದಿರಬೇಕು. ಹೆಸರಿಡದ ಹಳೆಯ ಆವೃತ್ತಿಗಳನ್ನು ಜಾಗ ಉಳಿಸುವುದಕ್ಕಾಗಿ ಗೂಗಲ್ ಒಂದರೊಳಗೊಂದು ಸೇರಿಸುವುದುಂಟು. ಆದ್ದರಿಂದ ಮುಖ್ಯ ಘಟ್ಟಗಳಿಗೆ ಆಗಿಂದಾಗಲೇ ಹೆಸರು ಕೊಟ್ಟುಬಿಡಬೇಕು. ಎರಡನೆಯದಾಗಿ, ಕೇವಲ ಓದುವ ಅಥವಾ ಟಿಪ್ಪಣಿ ಬರೆಯುವ ಅನುಮತಿ ಇದ್ದವರಿಗೆ ಈ ಇತಿಹಾಸ ಕಾಣುವುದಿಲ್ಲ. ಅಧ್ಯಾಪಕರು ಅದನ್ನು ನೋಡಬೇಕಾದರೆ ಅವರಿಗೂ ತಿದ್ದುವ ಅನುಮತಿ ಕೊಡಬೇಕು.

ಪುಟದ ಬದಿಯಲ್ಲಿ ಬರೆಯುವ ಟಿಪ್ಪಣಿಗಳ ಸೌಲಭ್ಯಕ್ಕೆ ನಾನು ಎರಡನೆಯ ಸ್ಥಾನ ಕೊಡುತ್ತೇನೆ. ಶಾನ್ ಹೇಳಿದ ಮೊದಲನೆಯ ಬಗೆಯ ಆಲೋಚನೆ, ಅಂದರೆ ಕೆಲಸದ ನಡುವೆಯೇ ಹೊಳೆಯುವಂಥದ್ದು, ಸಂಜೆಯ ಹೊತ್ತಿಗೆ ಮಾಯವಾಗಿರುತ್ತದೆ. ಮೊಬೈಲಿನಲ್ಲಿ ಅದೇ ಕಡತವನ್ನು ತೆರೆದು ಆಯಾ ಶಾಟಿನ ಸಾಲಿಗೆ ಎರಡು ಮಾತು ಸೇರಿಸಿಟ್ಟರೆ ಅದು ಉಳಿಯುತ್ತದೆ. ಒಣಮೀನು ಮಾರುವ ಅಕ್ಕನೊಬ್ಬರ ಸಂದರ್ಶನವನ್ನು ತಗಡಿನ ಮಾಡಿನ ಕೆಳಗೆ ತೆಗೆಯುತ್ತಿದ್ದಾಗ ಜೋರಾಗಿ ಮಳೆ ಹೊಡೆಯಿತು. ಕಾಲರ್ ಮೈಕಿನಲ್ಲಿ ಮಾತಿಗಿಂತ ತಗಡಿನ ಸದ್ದೇ ಹೆಚ್ಚು ಬರುತ್ತಿದೆ ಎಂಬುದು ಹೆಡ್‌ಫೋನ್ ಹಾಕಿಕೊಂಡಿದ್ದ ವಿದ್ಯಾರ್ಥಿನಿಗೆ ತಿಳಿಯಿತು. ಮನೆಯೊಳಗೆ ಹೋದರೆ ಧ್ವನಿ ಸ್ವಚ್ಛವಾಗುತ್ತದೆ, ಆದರೆ ಅವರು ದಿನವೂ ಕುಳಿತುಕೊಳ್ಳುವ ಜಾಗ ಚಿತ್ರದಿಂದ ಹೋಗುತ್ತದೆ. ತಂಡದವರು ಅಲ್ಲಿಯೇ ಉಳಿದು, ಮಳೆ ಸ್ವಲ್ಪ ಇಳಿದಾಗ ಮುಖ್ಯ ಪ್ರಶ್ನೆಗಳನ್ನು ಮತ್ತೆ ಕೇಳಿ, ಆಮೇಲೆ ಯಾರೂ ಮಾತನಾಡದೆ ಅರ್ಧ ನಿಮಿಷ ಆ ಜಾಗದ ಸದ್ದನ್ನಷ್ಟೇ ಬೇರೆಯಾಗಿ ಧ್ವನಿಮುದ್ರಿಸಿಕೊಂಡರು. ಎಡಿಟಿಂಗ್ ವೇಳೆ ಮಾತಿನ ತುಣುಕುಗಳ ನಡುವಿನ ಬಿರುಕು ಮುಚ್ಚಲು ಆ ಅರ್ಧ ನಿಮಿಷವೇ ಆಧಾರವಾಯಿತು. ಟಿಪ್ಪಣಿಯಲ್ಲಿ ಇಷ್ಟೂ ಇದ್ದುದರಿಂದ, ‘ಮಳೆಯಿಂದಾಗಿ ಧ್ವನಿಗೆ ತೊಂದರೆಯಾಯಿತು’ ಎಂಬ ಒಂದು ಸಾಲಿನಲ್ಲಿ ಮುಗಿಯಬಹುದಾಗಿದ್ದ ಸಂಗತಿ ವರದಿಯಲ್ಲಿ ಸ್ಥಳ ಮುಖ್ಯವೋ ಸ್ಪಷ್ಟತೆ ಮುಖ್ಯವೋ ಎಂಬ ಆಯ್ಕೆಯ ವಿಶ್ಲೇಷಣೆಯಾಗಿ ಬೆಳೆಯಿತು. ಬಲೆ ಹೆಣೆಯುವ ಶೆಡ್ಡಿನ ಟ್ಯೂಬ್‌ಲೈಟ್ ಮಿನುಗುವುದನ್ನು ತಪ್ಪಿಸಲು ಕ್ಯಾಮೆರಾದ ಶಟರ್ ವೇಗವನ್ನು 1/50 ಸೆಕೆಂಡಿಗೆ ಇಟ್ಟ ವಿವರವೂ, ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಎಂಬ ಕಾರಣದ ಸಮೇತ, ಹೀಗೆಯೇ ಉಳಿದುಕೊಂಡಿತು.

ಕನ್ನಡದಲ್ಲಿ ಬರೆಯುವವರಿಗೆ ಮುಖ್ಯವಾಗುವ ಧ್ವನಿ ಟೈಪಿಂಗ್ ಬಗ್ಗೆ ನನ್ನ ಮೆಚ್ಚುಗೆ ಅರ್ಧದಷ್ಟು ಮಾತ್ರ. ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಿ ಪರಿಕರಗಳ ಪಟ್ಟಿಯಿಂದ ಅದನ್ನು ತೆರೆದು ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡರೆ, ನಿಧಾನವಾಗಿ, ಪುಸ್ತಕದ ಭಾಷೆಗೆ ಹತ್ತಿರವಾಗಿ ಹೇಳಿದ್ದನ್ನು ಚೆನ್ನಾಗಿಯೇ ಬರೆದುಕೊಳ್ಳುತ್ತದೆ. ಕೀಬೋರ್ಡಿನಲ್ಲಿ ಕನ್ನಡ ರೂಢಿಯಿಲ್ಲದ ವಿದ್ಯಾರ್ಥಿಗಳಿಗೆ ಇದು ದೊಡ್ಡ ಸಹಾಯ. ಆದರೆ ಪೂರ್ಣವಿರಾಮ, ಅಲ್ಪವಿರಾಮಗಳನ್ನು ಬಾಯಿಮಾತಿನಲ್ಲಿ ಹೇಳಿ ಹಾಕಿಸುವ ಸೌಲಭ್ಯ ಕೆಲವೇ ಭಾಷೆಗಳಿಗಿದ್ದು ಕನ್ನಡಕ್ಕಿಲ್ಲ. ಹಾಗಾಗಿ ಒಂದು ಪುಟದಷ್ಟು ಹೇಳಿದ ಮೇಲೆ ವಾಕ್ಯಗಳನ್ನು ಬಿಡಿಸಲು ಮತ್ತೊಮ್ಮೆ ಕುಳಿತುಕೊಳ್ಳಬೇಕು. ಕರಾವಳಿಯವರಿಗೆ ಇದಕ್ಕಿಂತ ದೊಡ್ಡ ಕೊರತೆ ತುಳುವಿನದು. ಮಲ್ಪೆಯಲ್ಲಿ ತೆಗೆದ ಸಂದರ್ಶನಗಳಲ್ಲಿ ಬಹುಪಾಲು ತುಳುವಿನಲ್ಲಿದ್ದವು, ಮತ್ತು ಧ್ವನಿ ಟೈಪಿಂಗಿನ ಭಾಷೆಗಳ ಪಟ್ಟಿಯಲ್ಲಿ ತುಳು ಇಲ್ಲ. ಆ ಮಾತುಗಳನ್ನು ವಿದ್ಯಾರ್ಥಿಗಳು ಒಂದೊಂದೇ ವಾಕ್ಯ ಕೇಳಿ ಕನ್ನಡ ಲಿಪಿಯಲ್ಲಿ ಕೈಯಿಂದಲೇ ಬರೆದರು. ಗೂಗಲ್ ತನ್ನ ಅನುವಾದ ಸೇವೆಗೆ 2024ರಲ್ಲಿ ತುಳುವನ್ನು ಸೇರಿಸಿಕೊಂಡಿದೆ. ಬಾಯಿಮಾತಿನ ತುಳುವಿಗೂ ಅಂಥ ದಾರಿ ತೆರೆಯಬೇಕೆಂದು ನಾನು ಮನಃಪೂರ್ವಕ ಬಯಸುತ್ತೇನೆ, ಏಕೆಂದರೆ ಈ ಜಿಲ್ಲೆಗಳಲ್ಲಿ ಜನ ತಮ್ಮ ಕೆಲಸದ ಬಗ್ಗೆ ಬಿಚ್ಚಿ ಮಾತನಾಡುವುದು ಆ ಭಾಷೆಯಲ್ಲಿಯೇ.

ಅಕ್ಷರಗಳ ವಿಷಯದಲ್ಲಿ ದೂರಿಲ್ಲ. ಗೂಗಲ್ ಡಾಕ್ಸ್ ಯೂನಿಕೋಡ್ ಎಂಬ, ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಸಂಕೇತ ಪದ್ಧತಿಯ ಕನ್ನಡವನ್ನೇ ಬಳಸುವುದರಿಂದ ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ ಮುಂತಾದ ಅಕ್ಷರಗಳನ್ನು ಆರಿಸಿಕೊಳ್ಳಬಹುದು. ತೊಂದರೆ ಎದುರಾಗುವುದು ಮುದ್ರಣಕ್ಕೆ ಹೋದಾಗ. ನಮ್ಮ ಕಡೆಯ ಹಲವು ಡಿಟಿಪಿ ಅಂಗಡಿಗಳಲ್ಲಿ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳ ಮೇಲೆಯೇ ಪುಟ ಕಟ್ಟುವ ಅಭ್ಯಾಸ ಉಳಿದಿದೆ. ಡಾಕ್ಸ್‌ನಿಂದ ನಕಲು ಮಾಡಿಕೊಂಡ ಪಠ್ಯವನ್ನು ಅಲ್ಲಿ ಅಂಟಿಸಿದರೆ ಒತ್ತಕ್ಷರಗಳು ಒಡೆದುಹೋಗುವ ಸಂಭವ ಹೆಚ್ಚು. ಪಿಡಿಎಫ್ ಆಗಿ ಇಳಿಸಿಕೊಂಡು, ‘ಇದನ್ನು ಹೀಗೆಯೇ ಮುದ್ರಿಸಿ ಸ್ಪೈರಲ್ ಬೈಂಡಿಂಗ್ ಮಾಡಿಕೊಡಿ’ ಎಂದು ಕೇಳುವುದು ಕ್ಷೇಮ. ಬದಿಯ ಟಿಪ್ಪಣಿಗಳು ಪಿಡಿಎಫ್‌ನಲ್ಲಿ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಕಚ್ಚಾ ದೃಶ್ಯಗಳನ್ನು ಇದೇ ಖಾತೆಯ ಗೂಗಲ್ ಡ್ರೈವ್ ಎಂಬ ಸಂಗ್ರಹ ಜಾಗದಲ್ಲಿ ಇಡುವ ಯೋಚನೆ ಬೇಡ. ಉಚಿತ ಖಾತೆಗೆ ಸಿಗುವುದು ಒಟ್ಟು 15 ಜಿಬಿ, ಅದೂ ಜಿಮೇಲ್ ಮತ್ತು ಫೋಟೊಗಳೆಲ್ಲ ಸೇರಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ಚಿತ್ರೀಕರಿಸಿದರೆ ಒಂದು ನಿಮಿಷಕ್ಕೆ ಸುಮಾರು 750 ಎಂಬಿ ಬೇಕು. ಇಪ್ಪತ್ತು ನಿಮಿಷಕ್ಕೆ ಖಾತೆ ತುಂಬಿಹೋಗುತ್ತದೆ. ಪಠ್ಯಕ್ಕೆ ಡಾಕ್ಸ್, ದೃಶ್ಯಕ್ಕೆ ಹಾರ್ಡ್‌ಡಿಸ್ಕ್ ಎಂದು ಮೊದಲೇ ಬೇರೆ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲವಾದ್ದರಿಂದ, ಹೊರಡುವ ಮೊದಲೇ ಮೊಬೈಲಿನಲ್ಲಿ ಕಡತವನ್ನು ಆಫ್‌ಲೈನ್ ಬಳಕೆಗೆ ಗುರುತು ಮಾಡಿಟ್ಟುಕೊಂಡರೆ ದಕ್ಕೆಯಲ್ಲಿ ಬರೆದ ಟಿಪ್ಪಣಿ ಮನೆಗೆ ಬಂದ ಮೇಲೆ ತಾನಾಗಿ ಸೇರಿಕೊಳ್ಳುತ್ತದೆ.

ಅಧ್ಯಾಪಕರಿಗೆ ಒಂದು ಮಾತು ಒತ್ತಿ ಹೇಳಬೇಕಿದೆ. ಯಾರು ಎಷ್ಟು ಬರೆದರು ಎಂಬುದನ್ನು ಆವೃತ್ತಿ ಇತಿಹಾಸ ಬಣ್ಣಗಳಲ್ಲಿ ತೋರಿಸುತ್ತದೆ. ಅದನ್ನು ನೋಡಿ ಅಂಕ ಹಂಚುವ ಮನಸ್ಸಾಗುವುದು ಸಹಜ, ಆದರೆ ಹಾಗೆ ಮಾಡುವುದು ತಪ್ಪೆಂದು ನಾನು ಭಾವಿಸುತ್ತೇನೆ. ಮಳೆಯಲ್ಲಿ ಕ್ಯಾಮೆರಾಕ್ಕೆ ಕೊಡೆ ಹಿಡಿದು ನಿಂತವನ, ಮೀನು ಮಾರುವವರ ಜೊತೆ ತುಳುವಿನಲ್ಲಿ ಮಾತನಾಡಿ ಅವರ ಒಪ್ಪಿಗೆ ಪಡೆದವಳ ಶ್ರಮ ಕಡತದಲ್ಲಿ ಒಂದು ಅಕ್ಷರವಾಗಿಯೂ ಕಾಣದಿರಬಹುದು. ಈ ತಂಡದಲ್ಲಿ ಸಂದರ್ಶನಗಳು ಅಷ್ಟು ಸಹಜವಾಗಿ ಬಂದದ್ದು ಟೈಪಿಂಗಿಗೆ ಅಷ್ಟಾಗಿ ಒಗ್ಗದ ವಿದ್ಯಾರ್ಥಿನಿಯಿಂದ. ಅವಳ ಪಾಲನ್ನು ಉಳಿದವರು ಮಾತಿನಲ್ಲಿ ಕೇಳಿ ತಿಳಿದು, ಅವಳ ಹೆಸರಿನಲ್ಲಿಯೇ ಪ್ರತ್ಯೇಕ ಭಾಗವಾಗಿ ವರದಿಯಲ್ಲಿ ಸೇರಿಸಿದರು. ಇತಿಹಾಸದ ಪುಟವನ್ನು ವಿದ್ಯಾರ್ಥಿಗಳ ಜೊತೆ ಕುಳಿತು ಓದಿ, ಇಲ್ಲಿ ಏಕೆ ಬದಲಾಯಿಸಿದಿರಿ ಎಂದು ಕೇಳುವುದಕ್ಕೆ ಮಾತ್ರ ಬಳಸಿದರೆ ಅದರಿಂದ ಪ್ರಯೋಜನವಿದೆ.

ಒಟ್ಟಿನಲ್ಲಿ, ವರದಿಯನ್ನು ಚಿತ್ರದ ಜೊತೆಜೊತೆಗೇ ಬರೆಯಲು ಸಿದ್ಧವಿರುವ ತಂಡಕ್ಕೆ ನಾನು ಗೂಗಲ್ ಡಾಕ್ಸ್ ಅನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಕೊನೆಯ ರಾತ್ರಿ ಬರೆಯುವವರಿಗೆ ಇದರಿಂದ ವಿಶೇಷ ಲಾಭವಿಲ್ಲ, ಅವರಿಗೆ ಯಾವ ತಂತ್ರಾಂಶವಾದರೂ ಒಂದೇ. ಶುರುಮಾಡುವಾಗ ಕಡತವನ್ನು ಕಾಲೇಜಿನ ಖಾತೆಯಲ್ಲಿ ತೆರೆಯಬೇಕೋ ಸ್ವಂತ ಖಾತೆಯಲ್ಲೋ ಎಂಬುದನ್ನು ಯೋಚಿಸಿ, ಏಕೆಂದರೆ ಪದವಿ ಮುಗಿದ ಮೇಲೆ ಕಾಲೇಜಿನ ಖಾತೆ ಮುಚ್ಚಿಹೋಗಬಹುದು. ಕಡತದ ಪ್ರತಿ ಮಾಡಿಕೊಂಡರೂ, ವರ್ಡ್ ಅಥವಾ ಪಿಡಿಎಫ್ ಆಗಿ ಇಳಿಸಿಕೊಂಡರೂ ಆವೃತ್ತಿ ಇತಿಹಾಸ ಜೊತೆಗೆ ಬರುವುದಿಲ್ಲ. ಹೆಸರಿಟ್ಟ ಆವೃತ್ತಿಗಳನ್ನು ಒಂದೊಂದಾಗಿ ತೆರೆದು ಮುಖ್ಯ ಪುಟಗಳ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕದ ಸಮೇತ ವರದಿಯ ಅನುಬಂಧದಲ್ಲಿ ಸೇರಿಸಿಬಿಡಿ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ನಿಮ್ಮ ನಿರ್ಧಾರಗಳ ಬಗ್ಗೆ ಕೇಳಿದಾಗ ಆ ಪುಟಗಳನ್ನೇ ತೆರೆದು ತೋರಿಸಬಹುದು.